ಡಾರ್ಡನೆಲ್ಸಿನ ಬೀಗ
(ಸಾರ್ವಜನಿಕ ವಾಚನಾಲಯದಲ್ಲಿ ಮಾಡಿದ ಭಾಷಣ)



ಹೊಲದ ದಾರಿಯ ವ್ಯಾಜ್ಯವನ್ನು ನಡಿಸದ ವಕೀಲನು ನಮ್ಮ ನಾಡಿನಲ್ಲಿ ವಿರಳ. ಹಿಂದಿನ ಹೊಲದವನ ಬಂಡಿಯು ಮುಂದಿನ ಹೊಲದೊಳಗಿಂದಲೇ ಹಾಯಬೇಕು. ಮನಸ್ತಾಪವಾದೊಡನೆ ಮುಂದಿನವನು ದಾರಿಗೆ ಜಾಲಿಮುಳ್ಳು ಹಚ್ಚುವನು. ಸುಗ್ಗಿಯ ರಾಶಿಯು ಕಣದಲ್ಲಿಯೇ ಉಳಿಯುವದು. ಅಣ್ಣತಮ್ಮಂದಿರಲ್ಲಿ ಹೊಲವು ಪಾಲಾದಾಗ, ಬೇರೆ ಹಾದಿಯಿಲ್ಲದವನಿಗೆ ಅಗತ್ಯದ ದಾರಿಯ ಹಕ್ಕನ್ನು 1882ರ ಕಾಯಿದೆಯು ಕೊಟ್ಟಿರುವದು. ಕೋರ್ಟೂ ಇಲ್ಲದ, ಅಮೀನನೂ ಇಲ್ಲದ ಸಮುದ್ರದ ಮೇಲೆ ಇದೇ ವ್ಯಾಜ್ಯವು ಹುಟ್ಟಿದರೆ ಏನಾಗುವದೆಂಬದನ್ನು ಡಾರ್ಡನೆಲ್ಸ್ ಜಲಸಂಧಿಯ ಇತಿಹಾಸದಲ್ಲಿ ಕಾಣಬಹುದು.

ಕಪ್ಪುಸಮುದ್ರದ ಹಡಗು ಬಾಸ್ಫರಸ್ಸನ್ನೂ ಮರ್ಮರಾ ಸಮುದ್ರವನ್ನೂ ದಾಟಿ, ಡಾರ್ಡನೆಲ್ಸಿನೊಳಗಿಂದಲೇ ಹೊರಬೀಳಬೇಕು. ಈ ಜಲಸಂಧಿಯ ಉದ್ದವು ಸುಮಾರು 60 ಕಿಲೋಮೀಟರು. ಅತಿ ಇಕ್ಕಟ್ಟಾದಲ್ಲಿ ಅಗಲವು ಸುಮಾರು 1.2 ಕಿಲೋಮೀಟರು ಮಾತ್ರ. ಎರಡು ದಡಗಳೂ ತುರ್ಕರವು. ರಶಿಯದ ಹಡಗಿನ ಗೋದಿಯ ಬಹುಪಾಲು ಈ ಬಾಗಿಲಿನಿಂದಲೇ ಹೊರಗೆ ಹೋಗುತ್ತಿತ್ತು. ಇಟಲಿಯೊಡನೆ ಯುದ್ಧ ನಡೆದಾಗ, 1912ರಲ್ಲಿ, ತುರ್ಕರು ಕೆಲವು ವಾರ ಇದನ್ನು ಮುಚ್ಚಿದ್ದರು; ಯುದ್ಧಕ್ಕೆ ಸಂಬಂಧವೇ ಇಲ್ಲದ ರಶಿಯದ ವ್ಯಾಪಾರಿಗಳು ಆಗಲೇ ಕಂಗೆಟ್ಟರು.

1914ರ ಆಗಸ್ಟಿನಲ್ಲಿ ಎರಡು ಜರ್ಮನ್ ಯುದ್ಧನೌಕೆಗಳು ಈ ಜಲಸಂಧಿಯೊಳಗೆ ಆಶ್ರಯ ಪಡೆದವು. ಇಂಗ್ಲಿಷ್ ನೌಕಾಪಡೆಯು ಹೊರಬಾಯಿಯಲ್ಲಿ ನಾಕೇಬಂದಿ ಹಾಕಿ ಕುಳಿತಿತು. ಸಪ್ಟಂಬರ 26ರಂದು ತುರ್ಕರದೊಂದು ಚಿಕ್ಕ ಯುದ್ಧನೌಕೆಯನ್ನು ಅದು ತಡೆದು ಹಿಂದಕ್ಕೆ ಕಳಿಸಿತು. ಮರುದಿನವೇ ಕೋಟೆಗಳ ಜರ್ಮನ್ ಅಧಿಕಾರಿಯು ಜಲಸಂಧಿಯನ್ನು ಮುಚ್ಚಿಸಿದನು. ತುರ್ಕಸ್ಥಾನವು ಇನ್ನೂ ಯುದ್ಧಕ್ಕಿಳಿದಿರಲಿಲ್ಲವೆಂಬದನ್ನು ಲಕ್ಷಿಸಿರಿ. ಹೊರಗಿನಿಂದ ಒಬ್ಬನು ಅಗಳಿ ಹಾಕಿದನು, ಒಳಗಿನಿಂದ ಇನ್ನೊಬ್ಬನು ಬೀಗ ಜಡಿದನು. ನಡುವೆ ಸಿಕ್ಕವನು ಗೋದಿ ಬೆಳೆದವನು. ಮಾಲು ಹೊರಗೆ ಹೋಗಲಿಲ್ಲ, ಮದ್ದುಗುಂಡು ಒಳಗೆ ಬರಲಿಲ್ಲ. ಇನ್ನುಳಿದ ಆರ್ಖಾಂಗೆಲ್ಸ್ಕ್ ಬಂದರವು ಚಳಿಗಾಲದಲ್ಲಿ ಹೆಪ್ಪುಗಟ್ಟುವದು. ವ್ಲಾದಿವಸ್ತೋಕವು ಖಂಡದ ಆಚೆಯ ತುದಿಗಿರುವದು.

ಬೀಗವನ್ನು ತೋಪಿನಿಂದ ಒಡೆಯುವೆನೆಂದು ಚರ್ಚಿಲ್ಲನು ಹಟ ತೊಟ್ಟನು. ಆದರೆ 1915ರ ಮಾರ್ಚ್ 8ರಂದು ‘ನುಸ್ರತ್’ ಎಂಬ ಸಣ್ಣ ತುರ್ಕಿ ಹಡಗು, ಶತ್ರುನೌಕೆಗಳು ತಿರುಗುವ ಕೊಲ್ಲಿಯಲ್ಲಿ 26 ಸಿಡಿಗುಂಡುಗಳನ್ನು ನೀರಿನೊಳಗೆ ಕಟ್ಟಿ ಬಂದಿತ್ತು. 18ರಂದು ಮಹಾನೌಕೆಗಳು ಮುನ್ನುಗ್ಗಿದವು. ಫ್ರೆಂಚರ ‘ಬೂವೆ’ಯು ಕೆಲವೇ ನಿಮಿಷಗಳಲ್ಲಿ ಆರು ನೂರಕ್ಕೂ ಮಿಕ್ಕ ಜನರೊಡನೆ ಮುಳುಗಿತು, ಇಂಗ್ಲಿಷರ ‘ಇರ್ರೆಸಿಸ್ಟಿಬಲ್’, ‘ಓಶನ್’ಗಳೂ ತಳ ಕಂಡವು. ಮೊದಲನೆಯದರ ಹೆಸರಿಗೆ ‘ತಡೆಯಲಾಗದ್ದು’ ಎಂದರ್ಥ! ಆಮೇಲೆ ಏಪ್ರಿಲ್ 25ರಂದು ಗ್ಯಾಲಿಪೊಲಿಯ ದಂಡೆಗೆ ದಂಡನ್ನಿಳಿಸಿದರು. ಸಿಖ್ಖರು, ಗೂರ್ಖರು, ಹೇಸರಗತ್ತೆಗಳನ್ನು ನಡಿಸುವ ನಮ್ಮ ಬಡ ಜನರು, ಯಾರದೋ ಬಾಗಿಲಿಗಾಗಿ ಅಲ್ಲಿ ಪ್ರಾಣ ತೆತ್ತರು. ಉಭಯಪಕ್ಷಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತ ಬಳಿಕ, 1916ರ ಜನವರಿಯಲ್ಲಿ ದಂಡು ಹಿಂದೆಗೆಯಿತು. ಜಲಸಂಧಿಯು ತೆರೆದದ್ದು 1918ರ ಒಪ್ಪಂದದ ಮೇಲೆ. ಅಷ್ಟರೊಳಗೆ ಝಾರನ ರಾಜ್ಯವೇ ಉಳಿದಿರಲಿಲ್ಲ.

ತೋಪಿಗೆ ಸಾಧಿಸದ್ದನ್ನು ಬಹುಮಟ್ಟಿಗೆ ಕಾಗದವು ಸಾಧಿಸಿತೆಂದು ನನ್ನ ಮತವು. 1936ರ ಜುಲೈ 20ರಂದು ಮಾಂತ್ರೋದಲ್ಲಿ ಆದ ಕರಾರಿನಂತೆ ದಡವು ತುರ್ಕರದು. ವ್ಯಾಪಾರದ ಹಡಗಿಗೆ ದಾರಿಯುಂಟು. ತುರ್ಕರು ತಟಸ್ಥರಾಗಿರುವ ಯುದ್ಧದಲ್ಲಿ ಕಾದುವವರ ಯುದ್ಧನೌಕೆಗಳಿಗೆ, ತಮ್ಮ ನೆಲೆಗೆ ಮರಳುವವುಗಳನ್ನು ಬಿಟ್ಟರೆ, ದಾರಿಯಿಲ್ಲ. 2022ರ ಫೆಬ್ರವರಿಯಲ್ಲಿ ರಶಿಯವು ಯುಕ್ರೇನಿನ ಮೇಲೆ ಬಿದ್ದಾಗ ತುರ್ಕರು ಇದನ್ನೇ ನಡಿಸಿದರು. ಏಪ್ರಿಲಿನಲ್ಲಿ ಮುಳುಗಿದ ‘ಮಾಸ್ಕ್ವಾ’ ನೌಕೆಯ ಬದಲಿಗೆ ಹೊರಗಿನಿಂದ ಇನ್ನೊಂದನ್ನು ತರಿಸಲು ರಶಿಯಕ್ಕೆ ಆಗಲಿಲ್ಲ.

ಆದರೆ ಕರಾರು ಬಾಗಿಲನ್ನಷ್ಟೇ ಕಾಯುವದು, ಒಳಗಿನ ಅಂಗಳವನ್ನಲ್ಲ. ಆ ವರ್ಷ ಜಲಸಂಧಿಯು ತೆರೆದಿದ್ದರೂ ಒಡೆಸ್ಸಾದ ಬಂದರವನ್ನು ರಶಿಯದ ನೌಕೆಗಳು ಕಟ್ಟಿಹಾಕಿದ್ದವು. ಜುಲೈ 22ರಂದು ಇಸ್ತಾಂಬುಲಿನಲ್ಲಿ ಬೇರೆ ಒಪ್ಪಂದವಾಗಬೇಕಾಯಿತು. ಅದರ ಮೇಲೆ ಸುಮಾರು 3.3 ಕೋಟಿ ಟನ್ ಧಾನ್ಯವು ಹೊರಬಂದಿತು. 2023ರ ಜುಲೈಯಲ್ಲಿ ರಶಿಯವು ಅದನ್ನು ಮುರಿಯಿತು.

ಮಾಂತ್ರೋ ಕರಾರಿನ ಮುದ್ದತು ಇಪ್ಪತ್ತೇ ವರ್ಷದ್ದು. ಅದು 1956ರಲ್ಲಿಯೇ ತೀರಿತು. ಎರಡು ವರ್ಷದ ನೋಟೀಸು ಕೊಟ್ಟು ಯಾರೂ ಅದನ್ನು ರದ್ದುಪಡಿಸದ್ದರಿಂದ ಅದು ಇಂದಿಗೂ ನಡೆದಿದೆ. ನೋಟೀಸು ಬಂದರೂ ಹಡಗುಗಳಿಗೆ ದಾರಿಯುಂಟೆಂಬ ಮೂಲತತ್ವಕ್ಕೆ ಮುದ್ದತಿಲ್ಲವೆಂದು ಆ ಕರಾರಿನಲ್ಲಿಯೇ ಬರೆದಿರುವದು.