ತೀವ್ರ ಸಮೀಪದೃಷ್ಟಿಯೂ ಕಣ್ಣಿನ ಹಿಂಬದಿಯ ಚಿತ್ರಗಳೂ



ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸುವವರಾದ ನಮಗೆ ಕಣ್ಣು ಪೂಜೆಯ ಸಾಧನವೇ ಆಗಿರುವುದು. ಹೀಗಿದ್ದೂ, ಗ್ರಂಥವನ್ನು ಮೂಗಿಗೆ ತಾಗುವಂತೆ ಹಿಡಿದು ಓದುವ ವಿದ್ಯಾರ್ಥಿಗೆ ದಪ್ಪ ಕನ್ನಡಕವೊಂದನ್ನು ತೊಡಿಸಿ, ನಮ್ಮ ಕರ್ತವ್ಯವು ಮುಗಿಯಿತೆಂದು ಭಾವಿಸುವುದುಂಟು. ಇದು ಸರಿಯಲ್ಲ.

ನೇತ್ರದ ಪಟಲಗಳನ್ನೂ, ಅವುಗಳಲ್ಲಿ ದೋಷ ಸೇರಿದಾಗ ದೃಷ್ಟಿ ಕೆಡುವ ಬಗೆಯನ್ನೂ ಸುಶ್ರುತಸಂಹಿತೆಯ ಉತ್ತರತಂತ್ರವು ವಿವರಿಸಿರುವುದು. ಆದರೆ ಜೀವಂತ ಮನುಷ್ಯನ ಕಣ್ಣಿನ ಒಳಗೋಡೆಯನ್ನು ಸ್ಪಷ್ಟವಾಗಿ ನೋಡುವ ಉಪಾಯವು, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಪಂಡಿತನು 1851ರಲ್ಲಿ ನೇತ್ರದರ್ಶಕ ಯಂತ್ರವನ್ನು ಪ್ರಕಟಿಸಿದ ಮೇಲೆಯೇ ವೈದ್ಯರ ಕೈಸೇರಿತು. 1991ರಲ್ಲಿ ಅಮೆರಿಕೆಯ ವಿದ್ವಾಂಸರು ಓ.ಸಿ.ಟಿ. ಎಂಬ ವಿಧಾನವನ್ನು ಪ್ರಕಟಿಸಿದರು. ಇದರಲ್ಲಿ ಶಸ್ತ್ರವಿಲ್ಲ, ನೋವಿಲ್ಲ. ಕಣ್ಣಿನೊಳಕ್ಕೆ ಬಿಟ್ಟ ಬೆಳಕು ಒಂದೊಂದು ಪದರದಿಂದಲೂ ಹಿಂದಿರುಗುವುದನ್ನು ಅಳೆದು, ಪಟಲವನ್ನು ಕೊಯ್ದು ನೋಡಿದಂತೆ ಚಿತ್ರಿಸುವರು. ಕೂದಲಿಗಿಂತ ತೆಳುವಾದ ಪದರಗಳೂ ಅದರಲ್ಲಿ ಬೇರೆಬೇರೆಯಾಗಿ ತೋರುವುವು.

ಸ್ವಸ್ಥವಾದ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿರುವುದು. ತೀವ್ರ ಸಮೀಪದೃಷ್ಟಿಯಲ್ಲಿ ಅದು 26ನ್ನು ಮೀರುವುದು ಸಾಮಾನ್ಯ. ಗೋಡೆ ಹಿಗ್ಗಿದಂತೆಲ್ಲ ಒಳಪದರಗಳು ತೆಳುವಾಗುವುವು. ಆಗ ಚಿತ್ರದಲ್ಲಿ ಕಾಣುವುದೇನು? ಕೆಲವರಲ್ಲಿ ಹಿಂಬದಿಯ ಗೋಡೆ ಚೀಲದಂತೆ ಹೊರಕ್ಕೆ ಉಬ್ಬಿರುವುದು. ಅಕ್ಷಿಪಟಲವನ್ನು ಪೋಷಿಸುವ ರಕ್ತನಾಳಗಳ ಪದರವು ಕ್ಷೀಣಿಸಿರುವುದು. ಇವೆರಡರ ನಡುವಣ ಪೊರೆಯು ಒಣಗಿದ ಕೆರೆಯಂಗಳದಂತೆ ಬಿರಿದಿರುವುದು. ಆ ಬಿರುಕಿನ ಮೂಲಕ ಹೊಸ ರಕ್ತನಾಳಗಳು ಬೆಳೆದು ರಕ್ತವನ್ನು ಸೋರಿಸುವುದುಂಟು. ಅಕ್ಷಿಪಟಲವೇ ಪದರಪದರವಾಗಿ ಸೀಳುವುದೂ ಉಂಟು. ನೇತ್ರದರ್ಶಕಕ್ಕೆ ಅನೇಕ ವೇಳೆ ತಪ್ಪಿಸಿಕೊಳ್ಳುವ ಈ ಸೀಳು ಓ.ಸಿ.ಟಿ. ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವುದು.

ಕನ್ನಡಕವು ಬೆಳಕನ್ನು ತಕ್ಕ ಸ್ಥಳದಲ್ಲಿ ಕೂಡಿಸುವುದೇ ಹೊರತು ಹಿಗ್ಗಿದ ಗೋಡೆಯನ್ನು ಕುಗ್ಗಿಸದು. ಶಸ್ತ್ರಕ್ರಿಯೆಯಿಂದ ಕನ್ನಡಕವನ್ನು ಬಿಟ್ಟವರಿಗೂ ಈ ಮಾತು ಸಲ್ಲುವುದು. ಆದುದರಿಂದ ಆರು ಡಯಾಪ್ಟರಿಗಿಂತ ಹೆಚ್ಚಿನ ಕನ್ನಡಕವುಳ್ಳವರು, ನೋಟ ಚೆನ್ನಾಗಿದ್ದರೂ, ನೇತ್ರವೈದ್ಯರು ಹೇಳಿದ ಅವಧಿಗೆ ಹಿಂಬದಿಯನ್ನು ಪರೀಕ್ಷೆ ಮಾಡಿಸತಕ್ಕದ್ದು.

ಒಂದು ಕಣ್ಣಿನ ದೋಷವನ್ನು ಮತ್ತೊಂದು ಕಣ್ಣು ಮರೆಮಾಡುವುದು. ಆಗಾಗ್ಗೆ ಒಂದೊಂದು ಕಣ್ಣನ್ನು ಮುಚ್ಚಿ ಬಾಗಿಲುವಾಡವನ್ನು ನೋಡಿರಿ. ನೇರವಾದುದು ಸೊಟ್ಟಗೆ ಕಂಡರೆ, ನಡುವೆ ಕಪ್ಪು ಕಲೆ ಮೂಡಿದರೆ, ಮಿಂಚು ಹೊಳೆದರೆ, ತೆರೆ ಇಳಿದಂತಾದರೆ, ಅಂದೇ ವೈದ್ಯರಲ್ಲಿಗೆ ಹೋಗಿರಿ. ಹೊಸ ರಕ್ತನಾಳಗಳನ್ನು ಅಡಗಿಸುವ ಚುಚ್ಚುಮದ್ದು ಇಂದು ಉಂಟು. ನಶಿಸಿದ ಪಟಲವನ್ನು ಮರಳಿ ಕೊಡುವ ಮದ್ದಿಲ್ಲ. ಎಳೆಯ ಮಕ್ಕಳನ್ನು ದಿನವೂ ಬಯಲ ಬೆಳಕಿನಲ್ಲಿ ಆಡಗೊಡಿರಿ. ಸಮೀಪದೃಷ್ಟಿ ತಲೆದೋರುವುದನ್ನು ಅದು ತಡೆಯಲು ನೆರವಾಗುವುದು.

ಕಣ್ಣನ್ನು ಕಾಪಾಡುವುದೂ ಕಾಯಕವೇ ಎಂದು ಬಿನ್ನವಿಸಿ ವಿರಮಿಸುವೆನು.