ಆರೋಗ್ಯ ಮತ್ತು ಅವರವರ ಅನುಕೂಲ



ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ನಾನು ಈಗ ಮಡಗಾಂವಿನ ಫಾತೋರ್ಡಾದಲ್ಲಿದ್ದೇನೆ. ಬೆಳಿಗ್ಗೆ ಎದ್ದು ಇಲ್ಲಿಯ ನೆಹರೂ ಕ್ರೀಡಾಂಗಣದ ಕಡೆ ಮುಕ್ಕಾಲು ಗಂಟೆ ನಡೆದುಬರುವುದು ನನ್ನ ನೇಮ. ಅದರ ಜೊತೆಗೆ ರಕ್ತದೊತ್ತಡದ ಗುಳಿಗೆ, ಊಟದಲ್ಲಿ ಉಪ್ಪು ಕಡಿಮೆ. ಇಷ್ಟು ಮಾಡಿದರೆ ಯಾರಾದರೂ ಆರೋಗ್ಯ ಕಾಪಾಡಿಕೊಳ್ಳಬಹುದೆಂದು ನಾನು ತಿಳಿದಿದ್ದೆ.

ನಮ್ಮ ಮನೆಯ ಪಕ್ಕದಲ್ಲಿ ಒಂದು ಕಟ್ಟಡ ಏಳುತ್ತಿತ್ತು. ಗದಗ ಕಡೆಯ ಒಬ್ಬ ಹೆಣ್ಣುಮಗಳು ಅಲ್ಲಿ ಬುಟ್ಟಿ ಹೊರುತ್ತಿದ್ದಳು. ನಾವು ಕನ್ನಡದವರೆಂದು ತಿಳಿದು ಕುಡಿಯುವ ನೀರಿಗೆ ನಮ್ಮಲ್ಲಿಗೇ ಬರುತ್ತಿದ್ದಳು. ತನಗೂ ಬಿ.ಪಿ. ಇದೆ, ತಲೆ ತಿರುಗುತ್ತದೆ ಎಂದು ಒಂದು ದಿನ ಹೇಳಿದಳು. ನಾನು ನನ್ನ ಪಾಠ ಒಪ್ಪಿಸಿದೆ: ದಿನಾ ನಡೆಯಬೇಕವ್ವ, ಉಪ್ಪು ಕಡಿಮೆ ಮಾಡು, ಗುಳಿಗೆ ತಪ್ಪಿಸಬೇಡ.

ಅವಳು ನಕ್ಕುಬಿಟ್ಟಳು. "ಕಾಕಾರ, ಐದನೇ ಮಾಳಿಗಿಗೆ ದಿನಕ್ಕ ಎಷ್ಟ ಸಲ ಹತ್ತಿ ಇಳೀತೀನಿ, ಲೆಕ್ಕಾ ಹಾಕ್ರಿ. ಇನ್ನ ಎಲ್ಲಿ ನಡೀಲಿ? ಸಂಜಿಕ ಪಲ್ಯಾ ಮಾಡಾಕ ಕಸುವು ಇರೂದಿಲ್ಲ. ರೊಟ್ಟಿ, ಉಪ್ಪಿನಕಾಯಿ ತಿಂದು ಮಲಗೂದು. ಗುಳಿಗಿ ತರಾಕ ಮುಂಜಾನೆ ಪಾಳಿ ಹಚ್ಚಬೇಕು, ಆ ದಿನದ ಪಗಾರ ಹೋಗ್ತೈತಿ. ರವಿವಾರ ನಮಗ ಸೂಟಿ, ಓಪಿಡಿಗೂ ಸೂಟಿ."

ಗುಳಿಗೆ ಬಿಟ್ಟು ಎರಡು ತಿಂಗಳಾಗಿತ್ತಂತೆ.

ನನಗೆ ಬ್ಯಾಂಕಿನ ಕೌಂಟರು ನೆನಪಾಯಿತು. ಉಳಿತಾಯ ಖಾತೆಯ ಬಡ್ಡಿ ಆಗ ಎಲ್ಲರಿಗೂ ಒಂದೇ ಇತ್ತು; ಉಳಿಸಲು ಕೈಯಲ್ಲಿ ಮಿಕ್ಕುವ ಹಣ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ವೈದ್ಯರ ಸಲಹೆಯೂ ಹಾಗೆಯೇ. ಸರಕಾರದ ಸವಲತ್ತು ಇಲ್ಲವೆಂದಲ್ಲ. ಗೋವೆಯಲ್ಲಿ 2016ರಲ್ಲಿ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಬಂತು. ಆದರೆ ಅದಕ್ಕೆ ಇಲ್ಲಿ ಐದು ವರ್ಷ ವಾಸವಿದ್ದ ದಾಖಲೆ ಬೇಕು. ಕಟ್ಟಡ ಮುಗಿದಂತೆ ಗುಡಿಸಲು ಕೀಳುವವರು ಆ ಕಾಗದವನ್ನು ಎಲ್ಲಿಂದ ತರಬೇಕು?

ಮೇಸ್ತ್ರಿಯ ಹತ್ತಿರ ಮಾತಾಡಿ ಅವಳಿಗೆ ಅರ್ಧ ದಿನದ ಹಜೇರಿ ಉಳಿಸಿಕೊಟ್ಟೆ. ನಮ್ಮ ಮನೆಯವರು ಜೊತೆಗೆ ಹೋದರು. ಅವಳ ಕೆಲಸದ ಪರಿಸ್ಥಿತಿ ತಿಳಿದ ಮೇಲೆ ವೈದ್ಯರು ಒಂದು ತಿಂಗಳಿಗಾಗುವಷ್ಟು ಗುಳಿಗೆ ಬರೆದುಕೊಟ್ಟರು. ಕೇಳದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು? ಕೆಲವು ತಿಂಗಳ ಮೇಲೆ ಕಟ್ಟಡ ಮುಗಿಯಿತು. ಅವಳು ಬೇರೆ ಕಡೆ ಹೋದಳು. ಈಗ ಗುಳಿಗೆ ತಪ್ಪದೆ ನುಂಗುತ್ತಾಳೋ ಇಲ್ಲವೋ, ಕೇಳುವವರು ಯಾರು?

ಗಡಿಭಾಗದ ಬಂಧುಗಳೇ, ನಿಮ್ಮ ಮನೆಯವರೂ ಗೋವೆಗೆ ದುಡಿಯಲು ಬಂದಿರಬಹುದು. ಜಾತ್ರೆಗೆ, ಹಬ್ಬಕ್ಕೆ ಊರಿಗೆ ಬಂದಾಗ ಎಷ್ಟು ದುಡಿದೆ ಎಂದು ಕೇಳುವ ಮೊದಲು ಗುಳಿಗೆ ಇದೆಯೇ ಎಂದು ಕೇಳಿ. ಆಸ್ಪತ್ರೆಯ ಚೀಟಿ ಅವರ ಗಂಟಿನಲ್ಲೇ ಇರಲಿ. ಮೈ ಹಗುರಾಯಿತೆಂದು ರಕ್ತದೊತ್ತಡದ ಗುಳಿಗೆಯನ್ನು ತಾವಾಗಿ ಬಿಡಬಾರದು. ಒತ್ತಡ ಏರಿದ್ದು ತಿಳಿಯುವ ಮೊದಲೇ ಲಕ್ವ ಹೊಡೆಯಬಹುದು.

ಇನ್ನು ನನ್ನಂತೆ ನೆರಳಲ್ಲಿ ಕುಳಿತವರಿಗೆ ಒಂದು ಮಾತು. ಬುದ್ಧಿ ಹೇಳುವ ಮೊದಲು, ಅವರ ದಿನ ಹೇಗೆ ಕಳೆಯುತ್ತದೆ ಎಂದು ಒಮ್ಮೆ ಕೇಳೋಣ.