ಬೀಸುಕಲ್ಲಿನ ಲೆಕ್ಕ

ಪುಣೆಯಿಂದ ಬೆಳಗಾವಿಯ ಕಡೆಗೆ ಹೊರಟವರಿಗೆ ಮೊದಲು ಸಿಗುವ ಘಟ್ಟ ಕಾತ್ರಜ. 1663ರಲ್ಲಿ ಶಿವಾಜಿ ಮಹಾರಾಜರು ಲಾಲ್ ಮಹಲಿಗೆ ನುಗ್ಗಿ ಮೊಗಲರ ಸುಬೇದಾರ ಶಾಯಿಸ್ತಾಖಾನನ ಬೆರಳು ಕತ್ತರಿಸಿದ ರಾತ್ರಿ, ಇಲ್ಲಿ ಎತ್ತುಗಳ ಕೊಂಬಿಗೆ ಪಂಜು ಕಟ್ಟಿ ಓಡಿಸಿದರಂತೆ. ಮೊಗಲರ ಪಡೆ ಆ ಬೆಳಕಿನ ಬೆನ್ನು ಹತ್ತಿತಂತೆ. ನಿಜವೋ ಕಟ್ಟುಕಥೆಯೋ, ಘಟ್ಟದ ಜನ ಎತ್ತುಗಳನ್ನಂತೂ ಮರೆತಿಲ್ಲ.

ಅದೇ ಬೆಟ್ಟಸಾಲಿನಲ್ಲಿದೆ ಸಿಂಹಗಡ. 1670ರ ಫೆಬ್ರುವರಿಯಲ್ಲಿ ಆ ಕೋಟೆಗಾಗಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟ. ಮರಾಠಿ ಹಾಡುಗಾರ ಶಾಹಿರ ತುಳಸಿದಾಸ ಅವನ ಮೇಲೆ ಪೋವಾಡ ಎಂಬ ವೀರಗೀತೆ ಕಟ್ಟಿದ. ಅದರಲ್ಲಿ ತಾನಾಜಿ ಮಗ ರಾಯಬಾನ ಮದುವೆಯ ಸಡಗರದಲ್ಲಿದ್ದಾನೆ. ಯುದ್ಧದ ಕರೆ ಬಂದದ್ದು ಆ ಮನೆಗೆ.

ಡಫ್, ತುಣತುಣೆಯ ಪೋವಾಡಕ್ಕೂ ದಪ್ಪು, ತುಂತುಣಿಯ ನಮ್ಮ ಲಾವಣಿಗೂ ಹತ್ತಿರದ ನಂಟು. ಮುಧೋಳ ಸೀಮೆಯ ಹಲಗಲಿಯನ್ನು ನೆನೆಯಿರಿ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ, ಬೇಟೆಯೇ ಬದುಕಾದ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರಿಗೆ ಬೆಂಕಿ ಬಿತ್ತು, 19 ಜನ ಗಲ್ಲಿಗೇರಿದರು. ಆಳುವವರ ಕಣ್ಣಿಗೆ ಅದೊಂದು ದಂಗೆ; ಅಡಗಿಸಿದರು, ಮುಗಿಯಿತು.

ಲಾವಣಿಕಾರನಿಗೆ ಅಲ್ಲಿಗೆ ಮುಗಿಯಲಿಲ್ಲ. ಹನುಮ, ಬಾಲ, ಜಡಗ, ರಾಮ ಎಂದು ಹೆಸರು ಹಿಡಿದು ಹಾಡಿದ. ಆಮೇಲೆ ಲೂಟಿಯಾದದ್ದನ್ನು ಎಣಿಸತೊಡಗಿದ: ಉಪ್ಪು, ಅರಿಶಿನ, ಜೀರಿಗೆ, ಬೆಲ್ಲ, ಕೊಡಲಿ, ಚರಗಿ, ಮಂಗಳಸೂತ್ರ, ಕೊನೆಗೆ ಬೀಸುಕಲ್ಲು ಕೂಡ. ಬೀಸುಕಲ್ಲು ಹೋದ ಮನೆಯಲ್ಲಿ ಮರುದಿನ ರೊಟ್ಟಿಗೆ ಹಿಟ್ಟಿಲ್ಲ. ಸೋಲು ಎಂದರೇನೆಂದು ಅಡುಗೆಮನೆಯೊಳಗೆ ನಿಂತು ಹೇಳಿದ ಕವಿ ಅವನು. ಈ ಹಾಡನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದವರು ಜೆ. ಎಫ್. ಫ್ಲೀಟ್, ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿ! ಇಂದು ನಮ್ಮ ಮಕ್ಕಳು ಅದನ್ನು ಶಾಲೆಯಲ್ಲಿ ಓದುತ್ತಾರೆ.

ಹಾಡು ತಾರೀಖು ತಪ್ಪಬಹುದು, ಶೌರ್ಯವನ್ನು ಹಿಗ್ಗಿಸಬಹುದು. ಆದರೆ ಯಾರ ಮನೆಯಿಂದ ಏನು ಹೋಯಿತು ಎಂಬುದನ್ನು ಅದು ಬಿಡುವುದಿಲ್ಲ. ಹಲಗಲಿ ಇರುವ ಬಾಗಲಕೋಟೆ ಜಿಲ್ಲೆಯಲ್ಲೇ ಎಷ್ಟೋ ಊರುಗಳು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟಿವೆ. ಕಡತದಲ್ಲಿ ಎಕರೆ ಇದೆ, ಪರಿಹಾರದ ಮೊತ್ತ ಇದೆ. ಮಿಕ್ಕದ್ದು ಹಿರಿಯರ ಬಾಯಲ್ಲಿದೆ. ನೆರೆ, ಬರ, ವಲಸೆ ಕಂಡ ಹಿರಿಯರು ನಿಮ್ಮ ಮನೆಯಲ್ಲೂ ಇದ್ದಾರು. ಎಷ್ಟು ನಷ್ಟವಾಯಿತು ಎಂದು ಕೇಳಬೇಡಿ. ಏನೇನು ಹೋಯಿತು ಎಂದು ಕೇಳಿ, ಬರೆದಿಡಿ.